ಹೊಲಕ್ಕೆ ಚೆಲ್ಲಿದ ಯೂರಿಯಾ ಹೋಗುವುದೆಲ್ಲಿಗೆ?

(ಸಿರುಗುಪ್ಪ ತಾಲೂಕಿನ ರಾರಾವಿಯಲ್ಲಿ ರೈತರ ಸಭೆಯೊಂದರಲ್ಲಿ ಮಾಡಿದ ಭಾಷಣದ ಲಿಖಿತ ರೂಪ)



2025ರ ಮುಂಗಾರಿನಲ್ಲಿ ನಮ್ಮ ರಾಜ್ಯದ ಉದ್ದಗಲಕ್ಕೂ ಕಂಡ ದೃಶ್ಯವನ್ನು ನೀವು ಮರೆತಿರಲಾರಿರಿ. ಗೊಬ್ಬರದ ಅಂಗಡಿಗಳ ಮುಂದೆ, ಸಹಕಾರ ಸಂಘಗಳ ಮುಂದೆ ನಸುಕಿನಿಂದಲೇ ಸಾಲು. ಕೈಯಲ್ಲಿ ಆಧಾರ್ ಕಾರ್ಡು, ಮುಖದಲ್ಲಿ ಆತಂಕ. ನೆರೆಯ ಕೊಪ್ಪಳದಲ್ಲಿ ರೈತರೊಬ್ಬರು ಯೂರಿಯಾ ಸಿಗದ ಸಂಕಟಕ್ಕೆ ಮಣ್ಣು ತಿಂದು ಪ್ರತಿಭಟಿಸಿದ ಸುದ್ದಿಯನ್ನು ನಾಡೇ ನೋಡಿತು. ಕೇಂದ್ರ ಸರಕಾರ ತಾನು ಬೇಕಾದಷ್ಟು ಕಳುಹಿಸಿದ್ದೇನೆ ಎಂದಿತು. ರಾಜ್ಯ ಸರಕಾರ ಪಾಲಿನದೇ ಬಂದಿಲ್ಲ ಎಂದಿತು. ಇವರಿಬ್ಬರ ವಾಗ್ವಾದದ ನಡುವೆ ಬೆಳೆಗೆ ಮೇಲುಗೊಬ್ಬರ ಹಾಕುವ ದಿನಗಳು ಕಳೆದುಹೋದವು.

ಆದರೆ ಆ ಗದ್ದಲದಲ್ಲಿ ಯಾರೂ ಕೇಳದ ಪ್ರಶ್ನೆಯೊಂದಿದೆ. ಅಷ್ಟು ಕಷ್ಟಪಟ್ಟು, ಸಾಲು ನಿಂತು, ಉದ್ರಿ ಹೇಳಿ ತಂದ ಆ ಚೀಲದ ಯೂರಿಯಾ ಹೊಲಕ್ಕೆ ಬಿದ್ದ ಮೇಲೆ ಹೋಗುವುದೆಲ್ಲಿಗೆ? ಬೆಳೆಗೇ ಹೋಗುತ್ತದೆ ಎಂದು ನಾವು ನಂಬಿದ್ದೇವೆ. ವಸ್ತುತಃ ಭತ್ತದ ಗದ್ದೆಯಲ್ಲಿ ಬೆಳೆ ಹೀರಿಕೊಳ್ಳುವುದು ನಾವು ಹಾಕಿದ ಸಾರಜನಕದ ಸುಮಾರು ಮೂರನೆಯ ಒಂದು ಭಾಗವನ್ನು ಮಾತ್ರ. ಚೆನ್ನಾಗಿ ನಿರ್ವಹಿಸಿದ ಗದ್ದೆಯಲ್ಲಿ ಅದು ಇನ್ನಷ್ಟು ಹೆಚ್ಚಬಹುದು. ಉಳಿದುದರಲ್ಲಿ ಸ್ವಲ್ಪ ಮಣ್ಣಿನಲ್ಲಿ ನಿಲ್ಲುತ್ತದೆ. ಬಹುಪಾಲು ಗಾಳಿಗೆ ಮತ್ತು ನೀರಿಗೆ ಸೇರುತ್ತದೆ. ಅಂದರೆ ಮೂರು ಚೀಲಕ್ಕಾಗಿ ಸಾಲು ನಿಂತ ರೈತ ಒಂದು ಚೀಲವನ್ನಷ್ಟೇ ಬೆಳೆಗೆ ಕೊಡುತ್ತಾನೆ. ಇಂದಿನ ನನ್ನ ಮಾತು ಆ ಕಳೆದುಹೋಗುವ ಪಾಲಿನ ಕುರಿತಾದುದು. ಅದು ಮೊದಲು ರೈತನ ಜೇಬಿನ ನಷ್ಟ, ಅನಂತರ ಊರಿನ ನೀರು ಮತ್ತು ಗಾಳಿಯ ಕೇಡು.

ಗಾಳಿಯಿಂದ ಬಂದದ್ದು

ನಾವು ಉಸಿರಾಡುವ ಗಾಳಿಯಲ್ಲಿ ನೂರಕ್ಕೆ 78 ಭಾಗ ಸಾರಜನಕವೇ ಇದೆ. ಆದರೆ ಆ ರೂಪದಲ್ಲಿ ಗಿಡಕ್ಕೆ ಅದು ದಕ್ಕುವುದಿಲ್ಲ. ದ್ವಿದಳ ಧಾನ್ಯದ ಬೇರಿನ ಗಂಟುಗಳಲ್ಲಿರುವ ಸೂಕ್ಷ್ಮಾಣುಗಳಂತಹ ಕೆಲವು ಜೀವಿಗಳಿಗೆ ಮಾತ್ರ ಅದನ್ನು ಬೆಳೆಯ ಆಹಾರವಾಗಿ ಮಾರ್ಪಡಿಸುವ ಶಕ್ತಿಯಿದೆ. ನಮ್ಮ ಹಿರಿಯರು ತೊಗರಿ, ಹೆಸರು, ಕಡಲೆಗಳನ್ನು ಸರದಿಯಲ್ಲಿ ಬಿತ್ತುತ್ತಿದ್ದುದರ ಹಿಂದೆ ಈ ಅನುಭವಜ್ಞಾನವಿತ್ತು.

1909ರಲ್ಲಿ ಜರ್ಮನಿಯ ರಸಾಯನ ವಿಜ್ಞಾನಿ ಫ್ರಿಟ್ಜ್ ಹಾಬರ್ ಗಾಳಿಯ ಸಾರಜನಕದಿಂದ ಅಮೋನಿಯಾ ತಯಾರಿಸಿ ತೋರಿಸಿದರು. ಕಾರ್ಲ್ ಬಾಷ್ ಅದನ್ನು ಕಾರ್ಖಾನೆಯ ಮಟ್ಟಕ್ಕೆ ಏರಿಸಿದರು. 1913ರಲ್ಲಿ ಓಪ್ಪೌ ಎಂಬಲ್ಲಿ ಮೊದಲ ಕಾರ್ಖಾನೆ ಆರಂಭವಾಯಿತು. ಇಂದು ಜಗತ್ತಿನ ಸುಮಾರು ಅರ್ಧದಷ್ಟು ಜನರ ಊಟ ಈ ವಿಧಾನದ ಮೇಲೆ ನಿಂತಿದೆ ಎಂದು ವಿಜ್ಞಾನಿಗಳು ಅಂದಾಜಿಸುತ್ತಾರೆ. ಆದ್ದರಿಂದ ಯೂರಿಯಾವನ್ನು ವಿಷವೆಂದು ನಿಂದಿಸಿ ಎಲ್ಲವನ್ನೂ ನಿಲ್ಲಿಸಿಬಿಡಿ ಎಂದು ಹೇಳಲು ನಾನು ಬಂದಿಲ್ಲ. ಹಸಿದವನ ಮುಂದೆ ಅಂತಹ ಮಾತಾಡುವುದು ಅನ್ಯಾಯ.

ಈ ಪ್ರದೇಶದ ಇತಿಹಾಸವನ್ನೇ ನೋಡಿ. ತುಂಗಭದ್ರಾ ಅಣೆಕಟ್ಟಿನ ನೀರು 1950ರ ದಶಕದಲ್ಲಿ ಕಾಲುವೆಗಳಿಗೆ ಹರಿಯಿತು. ಜೋಳ, ಹತ್ತಿ ಬೆಳೆಯುತ್ತಿದ್ದ ಎರೆ ಭೂಮಿಯಲ್ಲಿ ಭತ್ತದ ಗದ್ದೆಗಳು ಹರಡಿದವು. ಆಂಧ್ರದ ಕರಾವಳಿಯಿಂದ ಬಂದ ರೈತ ಕುಟುಂಬಗಳು ಕ್ಯಾಂಪುಗಳಲ್ಲಿ ನೆಲೆಸಿ ಭತ್ತದ ಕೃಷಿಯನ್ನು ವಿಸ್ತರಿಸಿದವು. ಸಿರುಗುಪ್ಪಕ್ಕೆ ಭತ್ತದ ಕಣಜವೆಂಬ ಹೆಸರು ಬಂತು. ನೀರು ಮತ್ತು ಯೂರಿಯಾ ಎರಡೂ ಸೇರಿ ಈ ಸಮೃದ್ಧಿಯನ್ನು ತಂದವೆಂಬುದು ಸತ್ಯ. ಅದೇ ಎರಡು ಅತಿಯಾದಾಗ ಏನಾಗುತ್ತದೆ ಎಂಬುದೂ ಅಷ್ಟೇ ಸತ್ಯ. ಅತಿ ನೀರಿನಿಂದ ಸವಳಾದ ಭೂಮಿಯನ್ನು ನೀವು ಕಣ್ಣಾರೆ ಕಂಡಿದ್ದೀರಿ. ಅತಿ ಯೂರಿಯಾದ ಹಾನಿ ಕಣ್ಣಿಗೆ ಕಾಣುವುದಿಲ್ಲ. ಅದಕ್ಕೇ ಅದರ ಲೆಕ್ಕ ಯಾರೂ ಇಡುವುದಿಲ್ಲ.

ಮೂರು ದಾರಿಗಳು

ಯೂರಿಯಾ ಹೊಲದಿಂದ ತಪ್ಪಿಸಿಕೊಳ್ಳಲು ಮೂರು ದಾರಿಗಳಿವೆ.

ಮೊದಲನೆಯದು ಅಮೋನಿಯಾ. ನಿಂತ ನೀರಿನ ಮೇಲೆ ಯೂರಿಯಾ ಎರಚಿದಾಗ ಅದು ಕೆಲವೇ ದಿನಗಳಲ್ಲಿ ಅಮೋನಿಯಾ ರೂಪಕ್ಕೆ ತಿರುಗುತ್ತದೆ. ನಮ್ಮ ಎರೆ ಮಣ್ಣು ಕ್ಷಾರಗುಣದ್ದು. ಹಗಲಿನಲ್ಲಿ ಗದ್ದೆಯ ನೀರಿನ ಪಾಚಿ ಈ ಕ್ಷಾರವನ್ನು ಮತ್ತಷ್ಟು ಏರಿಸುತ್ತದೆ. ಕ್ಷಾರ ಹೆಚ್ಚಿದಷ್ಟೂ, ಬಿಸಿಲು ಮತ್ತು ಗಾಳಿ ಹೆಚ್ಚಿದಷ್ಟೂ ಅಮೋನಿಯಾ ಆವಿಯಾಗಿ ಹಾರುತ್ತದೆ. ಬೇಸಗೆ ಭತ್ತಕ್ಕೆ ನಡುಮಧ್ಯಾಹ್ನ ಎರಚುವ ಯೂರಿಯಾದ ಗತಿ ಏನೆಂದು ನೀವೇ ಊಹಿಸಿ. ಹೀಗೆ ಹಾರಿದ ಅಮೋನಿಯಾ ಆಕಾಶದಲ್ಲಿ ಮಾಯವಾಗುವುದಿಲ್ಲ. ಕಲ್ಲಿದ್ದಲು ಸುಡುವ ಚಿಮಣಿಗಳಿಂದ, ವಾಹನಗಳಿಂದ ಬರುವ ಗಂಧಕ ಮತ್ತು ಸಾರಜನಕದ ಅನಿಲಗಳೊಂದಿಗೆ ಕೂಡಿ ಶ್ವಾಸಕೋಶದ ಆಳಕ್ಕಿಳಿಯುವ ಅತಿಸೂಕ್ಷ್ಮ ಧೂಳಾಗುತ್ತದೆ. ಕುಡತಿನಿಯ ಶಾಖೋತ್ಪನ್ನ ವಿದ್ಯುತ್ ಸ್ಥಾವರ, ತೋರಣಗಲ್ಲಿನ ಉಕ್ಕಿನ ಕಾರ್ಖಾನೆ ಮತ್ತು ವಿಶಾಲವಾದ ಭತ್ತದ ಬಯಲು, ಈ ಮೂರೂ ಇರುವ ಜಿಲ್ಲೆ ನಮ್ಮದು.

ಎರಡನೆಯದು ನೈಟ್ರೇಟ್. ಹತ್ತಿ, ಮೆಣಸಿನಕಾಯಿಯಂತಹ ನೀರು ನಿಲ್ಲದ ಹೊಲಗಳಲ್ಲಿ ಸೂಕ್ಷ್ಮಾಣುಗಳು ಯೂರಿಯಾದ ಸಾರಜನಕವನ್ನು ನೈಟ್ರೇಟ್ ಆಗಿ ಪರಿವರ್ತಿಸುತ್ತವೆ. ಅದು ಮಣ್ಣಿಗೆ ಅಂಟುವುದಿಲ್ಲ. ಮಳೆ ಬಂದಾಗ ನೀರಿನೊಂದಿಗೆ ಕೆಳಗಿಳಿದು ಕೊಳವೆಬಾವಿ ಸೇರುತ್ತದೆ, ಇಲ್ಲವೇ ಹಳ್ಳದ ಮೂಲಕ ವೇದಾವತಿಗೆ, ಅಲ್ಲಿಂದ ತುಂಗಭದ್ರೆಗೆ, ಕೊನೆಗೆ ಕೃಷ್ಣೆಗೆ ಸೇರುತ್ತದೆ. ನೀರಿಗೆ ಸಾರಜನಕ ಮತ್ತು ರಂಜಕ ಸೇರಿದಾಗ ಪಾಚಿ ಸೊಕ್ಕಿ ಬೆಳೆಯುತ್ತದೆ. ಆ ಪಾಚಿ ಸತ್ತು ಕೊಳೆಯುವಾಗ ನೀರಿನ ಪ್ರಾಣವಾಯುವನ್ನೆಲ್ಲ ನುಂಗಿ ಮೀನುಗಳನ್ನು ಕೊಲ್ಲುತ್ತದೆ. ತುಂಗಭದ್ರಾ ಜಲಾಶಯದ ನೀರು ಹಸಿರು ಬಣ್ಣಕ್ಕೆ ತಿರುಗಿದ ವರದಿಗಳನ್ನು ಇತ್ತೀಚಿನ ವರ್ಷಗಳಲ್ಲಿ ನಾವು ಮತ್ತೆ ಮತ್ತೆ ಓದಿದ್ದೇವೆ.

ಮೂರನೆಯದು ನೈಟ್ರಸ್ ಆಕ್ಸೈಡ್ ಎಂಬ ಅನಿಲ. ಪ್ರಮಾಣದಲ್ಲಿ ಇದು ಅತ್ಯಲ್ಪ. ನೂರು ಕಿಲೋ ಸಾರಜನಕ ಹಾಕಿದರೆ ಸುಮಾರು ಒಂದು ಕಿಲೋದಷ್ಟು ಮಾತ್ರ ಈ ರೂಪ ತಾಳುತ್ತದೆ. ಸದಾ ನೀರು ನಿಂತ ಗದ್ದೆಯಲ್ಲಿ ಇನ್ನೂ ಕಡಿಮೆ. ಆದರೆ ಅದರ ಶಕ್ತಿ ಭಯಂಕರ. ನೂರು ವರ್ಷಗಳ ಅವಧಿಯಲ್ಲಿ ಲೆಕ್ಕ ಹಾಕಿದರೆ ಭೂಮಿಯನ್ನು ಬಿಸಿ ಮಾಡುವುದರಲ್ಲಿ ಇದು ಇಂಗಾಲದ ಡೈ ಆಕ್ಸೈಡ್‌ಗಿಂತ 273 ಪಟ್ಟು ಪ್ರಬಲ. ಒಮ್ಮೆ ಮೇಲೇರಿದರೆ ನೂರು ವರ್ಷಕ್ಕೂ ಮಿಕ್ಕಿ ವಾತಾವರಣದಲ್ಲಿ ಉಳಿಯುತ್ತದೆ. ಮನುಷ್ಯರ ಚಟುವಟಿಕೆಯಿಂದ ಹೊರಬೀಳುವ ಈ ಅನಿಲದಲ್ಲಿ ಮುಕ್ಕಾಲು ಪಾಲು ಕೃಷಿಯದ್ದು.

ಇಲ್ಲಿ ಒಬ್ಬ ಕನ್ನಡಿಗ ವಿಜ್ಞಾನಿಯನ್ನು ಸ್ಮರಿಸಬೇಕು. ಮೈಸೂರು ವಿಶ್ವವಿದ್ಯಾಲಯದಲ್ಲಿ ಕಲಿತು ಅಮೆರಿಕದಲ್ಲಿ ಸಂಶೋಧಕರಾದ ಎ.ಆರ್. ರವಿಶಂಕರ ಅವರ ಹೆಸರಿನ ಮೊದಲಕ್ಷರ ಅಕ್ಕಿಹೆಬ್ಬಾಳನ್ನು ಸೂಚಿಸುತ್ತದೆ. ಅವರೂ ಅವರ ಇಬ್ಬರು ಸಹೋದ್ಯೋಗಿಗಳೂ 2009ರಲ್ಲಿ ಪ್ರಕಟಿಸಿದ ಅಧ್ಯಯನವು, ಇಂದು ಮನುಷ್ಯ ಹೊರಬಿಡುತ್ತಿರುವ ಓಝೋನ್ ನಾಶಕಗಳಲ್ಲಿ ನೈಟ್ರಸ್ ಆಕ್ಸೈಡೇ ಪ್ರಮುಖವೆಂದು ತೋರಿಸಿತು. ಸೂರ್ಯನ ಹಾನಿಕಾರಕ ಕಿರಣಗಳಿಂದ ನಮ್ಮನ್ನು ಕಾಯುವ ಪದರ ಅದು. ಹಳೆಯ ಫ್ರಿಜ್ಜುಗಳ ಅನಿಲವನ್ನು ಜಗತ್ತು ಒಪ್ಪಂದ ಮಾಡಿಕೊಂಡು ನಿಲ್ಲಿಸಿತು. ಹೊಲದಿಂದ ಏಳುವ ಈ ಅನಿಲಕ್ಕೆ ಆ ಬಗೆಯ ಕಡಿವಾಣ ಬಿದ್ದಿಲ್ಲ.

ಕುದಿಸಿದರೂ ಹೋಗದ ಕೇಡು

ಆಕಾಶದ ಮಾತು ದೂರದ್ದೆನಿಸಬಹುದು. ಮನೆಯ ಕೊಡದ ನೀರಿನ ಮಾತಿಗೆ ಬರೋಣ. ಕುಡಿಯುವ ನೀರಿನಲ್ಲಿ ನೈಟ್ರೇಟ್ ಲೀಟರಿಗೆ 45 ಮಿಲಿಗ್ರಾಂ ಮೀರಬಾರದು ಎಂಬುದು ಭಾರತೀಯ ಮಾನಕ. ಕೇಂದ್ರ ಅಂತರ್ಜಲ ಮಂಡಳಿಯ 2024ರ ಗುಣಮಟ್ಟ ವರದಿಯ ಪ್ರಕಾರ ದೇಶದ ಐದರಲ್ಲಿ ಒಂದು ಮಾದರಿ ಈ ಮಿತಿಯನ್ನು ದಾಟಿತ್ತು. ನಮ್ಮ ಕರ್ನಾಟಕದಲ್ಲಿ ದಾಟಿದ್ದು ಹೆಚ್ಚುಕಡಿಮೆ ಅರ್ಧದಷ್ಟು ಮಾದರಿಗಳು. ರಾಜಸ್ಥಾನದ ನಂತರದ ಸ್ಥಾನ ನಮ್ಮದು. ಇದಕ್ಕೆ ಗೊಬ್ಬರ ಮಾತ್ರ ಕಾರಣವೆಂದು ಹೇಳುವುದು ನ್ಯಾಯವಲ್ಲ. ಪಾಯಿಖಾನೆ ಗುಂಡಿಗಳು, ಚರಂಡಿಗಳು, ಕೊಳವೆಬಾವಿಯ ಪಕ್ಕದ ತಿಪ್ಪೆಗಳು ಕೂಡ ಪಾಲುದಾರರು.

ನೈಟ್ರೇಟ್ ಅತ್ಯಂತ ಅಪಾಯಕಾರಿಯಾಗುವುದು ಆರು ತಿಂಗಳ ಒಳಗಿನ ಹಸುಳೆಗಳಿಗೆ. ಪುಡಿ ಹಾಲನ್ನು ಇಂತಹ ನೀರಿನಲ್ಲಿ ಕಲಸಿ ಕುಡಿಸಿದಾಗ ಮಗುವಿನ ರಕ್ತ ಪ್ರಾಣವಾಯುವನ್ನು ಹೊರುವ ಶಕ್ತಿ ಕಳೆದುಕೊಂಡು ತುಟಿ, ಉಗುರುಗಳು ನೀಲಿಗಟ್ಟುತ್ತವೆ. ಇಲ್ಲಿರುವ ಸಹೋದರಿಯರು ವಿಶೇಷವಾಗಿ ಗಮನಿಸಬೇಕಾದ ಅಂಶವೊಂದಿದೆ. ನೀರನ್ನು ಕುದಿಸಿದರೆ ರೋಗಾಣುಗಳು ಸಾಯುತ್ತವೆ, ಆದರೆ ನೈಟ್ರೇಟ್ ಹೋಗುವುದಿಲ್ಲ. ನೀರು ಆವಿಯಾಗಿ ಕಡಿಮೆಯಾದಷ್ಟೂ ಅದರ ಸಾಂದ್ರತೆ ಹೆಚ್ಚುತ್ತದೆ. ಬಟ್ಟೆಯಲ್ಲಿ ಸೋಸಿದರೂ ಹೋಗುವುದಿಲ್ಲ. ಬಣ್ಣ, ವಾಸನೆ, ರುಚಿ ಯಾವುದರಿಂದಲೂ ತಿಳಿಯುವುದಿಲ್ಲ. ಪರೀಕ್ಷೆಯೊಂದೇ ದಾರಿ. ಸುಸ್ಥಿತಿಯಲ್ಲಿರುವ ಆರ್‌ಒ ಶುದ್ಧ ನೀರಿನ ಘಟಕ ಇದನ್ನು ತಗ್ಗಿಸಬಲ್ಲದು. ತಾಯಿಯ ಎದೆಹಾಲಂತೂ ಮಗುವಿಗೆ ಸರ್ವಶ್ರೇಷ್ಠ ರಕ್ಷಣೆ.

ರೈತನೊಬ್ಬನೇ ಅಪರಾಧಿಯೇ?

ಇಷ್ಟೆಲ್ಲ ಕೇಳಿದ ಮೇಲೆ ರೈತರು ಮಿತಿಮೀರಿ ಗೊಬ್ಬರ ಸುರಿಯುತ್ತಾರೆ ಎಂದು ಪೇಟೆಯವರು ತೀರ್ಪು ಕೊಟ್ಟುಬಿಡುತ್ತಾರೆ. ಹಾಗೆ ಸುರಿಯುವಂತೆ ಮಾಡಿದವರು ಯಾರು? 2010ರಲ್ಲಿ ಕೇಂದ್ರ ಸರಕಾರ ರಂಜಕ ಮತ್ತು ಪೊಟ್ಯಾಷ್ ಗೊಬ್ಬರಗಳಿಗೆ ಪೋಷಕಾಂಶ ಆಧಾರಿತ ಸಹಾಯಧನ ಪದ್ಧತಿಯನ್ನು ತಂದಿತು, ಯೂರಿಯಾವನ್ನು ಅದರ ಹೊರಗಿಟ್ಟಿತು. ಪರಿಣಾಮವಾಗಿ 45 ಕಿಲೋ ಯೂರಿಯಾ ಚೀಲ 270 ರೂಪಾಯಿಯೊಳಗೇ ಉಳಿಯಿತು. ಡಿಎಪಿಯ ಚೀಲ 1,350 ರೂಪಾಯಿ ಮುಟ್ಟಿತು. ಒಂದು ಚೀಲ ಯೂರಿಯಾದ ನಿಜವಾದ ವೆಚ್ಚ ಎರಡು ಸಾವಿರ ರೂಪಾಯಿ ದಾಟಿದೆಯೆಂದು ಸರಕಾರವೇ ಹೇಳಿಕೊಂಡ ವರ್ಷಗಳಿವೆ. ಅಗ್ಗವಾದದ್ದನ್ನು ಬಡವ ಹೆಚ್ಚು ಬಳಸುತ್ತಾನೆ, ಇದರಲ್ಲಿ ಆಶ್ಚರ್ಯವೇನು? ದೇಶ ಈಗ ವರ್ಷಕ್ಕೆ 350 ಲಕ್ಷ ಟನ್‌ಗೂ ಹೆಚ್ಚು ಯೂರಿಯಾ ಬಳಸುತ್ತಿದೆ.

ಇದರ ಮೇಲೆ ಗುತ್ತಿಗೆಯ ಸಂಕಟ. ಸ್ವಂತ ಭೂಮಿಯಿಲ್ಲದೆ ಗುತ್ತಿಗೆಗೋ ಕೋರಿಗೋ ಮಾಡುವವನು ಎಕರೆಗೆ ಇಂತಿಷ್ಟು ಚೀಲ ಭತ್ತ ಒಡೆಯನಿಗೆ ಅಳೆಯಲೇಬೇಕು. ಇಳುವರಿ ತಗ್ಗಿದರೆ ಅವನ ಮನೆಗೆ ಏನೂ ಉಳಿಯದು. ಒಂದು ಚೀಲ ಕಡಿಮೆ ಹಾಕು ಎಂದರೆ ಅವನಿಗೆ ಭಯವಾಗುತ್ತದೆ. ಆ ಭಯ ಮೌಢ್ಯವಲ್ಲ. ಗೊಬ್ಬರವನ್ನು ಉದ್ರಿ ಕೊಡುವ ಅಂಗಡಿಯವನೇ ಎಷ್ಟು ಹಾಕಬೇಕೆಂದೂ ಹೇಳುತ್ತಾನೆ. ಯೂರಿಯಾ ಬೇಕಿದ್ದರೆ ಇನ್ನೊಂದು ಬಾಟಲಿಯನ್ನೂ ಕೊಳ್ಳಬೇಕೆಂದು ಒತ್ತಾಯಿಸುವ ಅಂಗಡಿಗಳ ಕುರಿತು ರಾಜ್ಯದ ಹಲವೆಡೆ ದೂರುಗಳಿವೆ.

ಬಾಟಲಿಯ ಮಾತು ಬಂದುದರಿಂದ ಒಂದು ಲೆಕ್ಕ ಹೇಳುತ್ತೇನೆ. 2021ರಲ್ಲಿ ಇಫ್ಕೋ ಸಂಸ್ಥೆ ನ್ಯಾನೋ ಯೂರಿಯಾ ಬಿಡುಗಡೆ ಮಾಡಿ, ಅರ್ಧ ಲೀಟರಿನ ಒಂದು ಬಾಟಲಿ ಒಂದು ಚೀಲಕ್ಕೆ ಸಮವೆಂದು ಪ್ರಚಾರ ಮಾಡಿತು. ನೂರಕ್ಕೆ ನಾಲ್ಕರಂತೆ ಆ ಬಾಟಲಿಯಲ್ಲಿದ್ದ ಸಾರಜನಕ 20 ಗ್ರಾಂ. 45 ಕಿಲೋ ಚೀಲದಲ್ಲಿರುವುದು ಸುಮಾರು 20 ಕಿಲೋ 700 ಗ್ರಾಂ. ಎಲೆಯ ಮೇಲೆ ಸಿಂಪಡಿಸಿದ್ದು ವ್ಯರ್ಥವಾಗುವುದಿಲ್ಲವೆಂದು ಒಪ್ಪಿದರೂ ಸಾವಿರ ಪಟ್ಟಿನ ಅಂತರ ತುಂಬುವುದು ಹೇಗೆ? ಪಂಜಾಬ್ ಕೃಷಿ ವಿಶ್ವವಿದ್ಯಾಲಯದ ಪ್ರಯೋಗಗಳಲ್ಲಿ ಯೂರಿಯಾ ತಗ್ಗಿಸಿ ಇದನ್ನು ಸಿಂಪಡಿಸಿದಾಗ ಭತ್ತ ಮತ್ತು ಗೋಧಿಯ ಇಳುವರಿ ಕುಸಿದದ್ದು ಕಂಡುಬಂತು. ವಂಚನೆಯ ಭೀತಿಯಿಂದ ರೈತ ಮತ್ತೆ ಹಳೆಯ ಚೀಲಕ್ಕೇ ಮರಳಿದರೆ ಅವನನ್ನು ದೂಷಿಸುವಂತಿಲ್ಲ.

ಎರಡು ದೇಶಗಳ ಪಾಠ

ಆಜ್ಞೆ ಹೊರಡಿಸಿ ಇದನ್ನು ಸರಿಪಡಿಸಲು ಹೊರಟ ಎರಡು ದೇಶಗಳ ಅನುಭವ ನಮ್ಮ ಮುಂದಿದೆ. ಸಾರಜನಕದ ಪೋಲನ್ನು 2030ರೊಳಗೆ ಅರ್ಧಕ್ಕೆ ಇಳಿಸುವ ಆಶಯದ ಘೋಷಣೆ 2019ರ ಅಕ್ಟೋಬರಿನಲ್ಲಿ ಹೊರಬಿದ್ದದ್ದು ಶ್ರೀಲಂಕಾದ ಕೊಲಂಬೊದಿಂದ. ಅದೇ ಶ್ರೀಲಂಕಾ 2021ರಲ್ಲಿ ಯಾವ ಸಿದ್ಧತೆಯೂ ಇಲ್ಲದೆ ರಾಸಾಯನಿಕ ಗೊಬ್ಬರದ ಆಮದನ್ನೇ ನಿಷೇಧಿಸಿತು. ಅರ್ಧಕ್ಕಿಳಿಸುವುದಕ್ಕೂ ಒಮ್ಮೆಲೇ ನಿಲ್ಲಿಸುವುದಕ್ಕೂ ಇರುವ ಅಂತರವನ್ನು ಆಳುವವರು ಗ್ರಹಿಸಲಿಲ್ಲ. ಭತ್ತದ ಇಳುವರಿ ಕುಸಿಯಿತು, ಅಕ್ಕಿ ಆಮದು ಮಾಡಿಕೊಳ್ಳಬೇಕಾಯಿತು. ಕೆಲವೇ ತಿಂಗಳಲ್ಲಿ ನಿಷೇಧ ಹಿಂತೆಗೆಯಲಾಯಿತು.

ನೆದರ್ಲ್ಯಾಂಡ್ಸ್ ಹೈನುಗಾರಿಕೆಗೆ ಪ್ರಸಿದ್ಧವಾದ ಪುಟ್ಟ ದೇಶ. ಅಲ್ಲಿನ ದನಗಳ ಗಂಜಳ ಮತ್ತು ಸಗಣಿಯಿಂದ ಏಳುವ ಅಮೋನಿಯಾ ಸಂರಕ್ಷಿತ ಕಾಡು, ಜೌಗುಗಳನ್ನು ಹಾಳುಗೆಡವುತ್ತಿತ್ತು. 2019ರ ಮೇ ತಿಂಗಳಲ್ಲಿ ಅಲ್ಲಿನ ಉನ್ನತ ಆಡಳಿತ ನ್ಯಾಯಾಲಯ ಸರಕಾರದ ಸಡಿಲ ನೀತಿಯನ್ನು ರದ್ದುಪಡಿಸಿತು. ಸರಕಾರ ಒಮ್ಮೆಲೇ ದನಗಳ ಸಂಖ್ಯೆ ತಗ್ಗಿಸುವ ಮಾತಾಡಿದಾಗ ರೈತರು ಟ್ರ್ಯಾಕ್ಟರುಗಳೊಂದಿಗೆ ಹೆದ್ದಾರಿಗಿಳಿದರು. 2023ರ ಪ್ರಾಂತೀಯ ಚುನಾವಣೆಯಲ್ಲಿ ರೈತರ ಪರವಾದ ಹೊಸ ಪಕ್ಷ ಅಗ್ರಸ್ಥಾನ ಪಡೆಯಿತು. ದಶಕಗಳ ಕಾಲ ಹೆಚ್ಚು ಬೆಳೆಸಿ ಎಂದು ಬೆನ್ನು ತಟ್ಟಿ, ಒಂದು ಮುಂಜಾನೆ ನೀವೇ ಅಪರಾಧಿಗಳು ಎಂದರೆ ಯಾವ ರೈತ ತಾನೇ ಸಹಿಸಿಯಾನು?

ಈ ಎರಡೂ ಉದಾಹರಣೆಗಳು ಹೇಳುವುದು ಒಂದೇ ಸಂಗತಿಯನ್ನು. ಕಾಯಿಲೆ ನಿಜ, ಮೇಲಿನಿಂದ ಹೇರಿದ ಮದ್ದು ಫಲಿಸಲಿಲ್ಲ. ನಮ್ಮಲ್ಲಿ ಅಂತಹ ಆಜ್ಞೆ ಬರುವ ಮೊದಲೇ ಲೆಕ್ಕವನ್ನು ನಾವು ನಮ್ಮ ಕೈಗೆ ತೆಗೆದುಕೊಳ್ಳುವುದು ಲೇಸು.

ನಮ್ಮ ಹೊಲದ ಲೆಕ್ಕ

ತುಂಗಭದ್ರಾ ಅಚ್ಚುಕಟ್ಟಿನ ಭತ್ತಕ್ಕೆ ಕೃಷಿ ವಿಜ್ಞಾನಿಗಳು ಶಿಫಾರಸು ಮಾಡುವ ಸಾರಜನಕ ಹೆಕ್ಟೇರಿಗೆ ಸುಮಾರು 150 ಕಿಲೋ. ಎಕರೆಗೆ 60 ಕಿಲೋ ಎಂದಾಯಿತು. ಯೂರಿಯಾ ರೂಪದಲ್ಲೇ ಪೂರ್ತಿ ಕೊಟ್ಟರೂ ಮೂರು ಚೀಲಕ್ಕೆ ಮುಗಿಯಿತು. ಡಿಎಪಿಯಲ್ಲೂ ನೂರಕ್ಕೆ 18 ಭಾಗ ಸಾರಜನಕವಿದೆ, ಒಂದು ಚೀಲಕ್ಕೆ 9 ಕಿಲೋ. ಅದನ್ನು ಕಳೆದರೆ ಎರಡೂವರೆ ಚೀಲ ಯೂರಿಯಾ ಸಾಕು. ನಿಮ್ಮಲ್ಲಿ ಎಕರೆಗೆ ಐದು ಆರು ಚೀಲ ಹಾಕುವವರಿದ್ದೀರಾ? ಉತ್ತರವನ್ನು ನನಗೆ ಹೇಳಬೇಕಾಗಿಲ್ಲ, ನಿಮಗೆ ನೀವೇ ಹೇಳಿಕೊಳ್ಳಿ.

ಹೆಚ್ಚು ಹಾಕಿದ ಯೂರಿಯಾ ಸುಮ್ಮನೆ ಹಾಳಾಗಿ ಹೋದರೂ ಒಂದು ಸಮಾಧಾನವಿತ್ತು. ಅದು ಬೆಳೆಯನ್ನು ಕಡು ಹಸಿರಾಗಿಸಿ, ಮೆತ್ತಗಾಗಿಸಿ ಕಂದು ಜಿಗಿಹುಳುವನ್ನು ಮತ್ತು ಬೆಂಕಿ ರೋಗವನ್ನು ಕರೆತರುತ್ತದೆ. ಅದಕ್ಕೆ ಔಷಧಿ ಹೊಡೆಯಬೇಕು. ಬೆಳೆ ಎತ್ತರಕ್ಕೆ ಹೋಗಿ ಗಾಳಿಮಳೆಗೆ ನೆಲಕ್ಕೊರಗುತ್ತದೆ. ಕಟಾವಿಗೆ ಹೆಚ್ಚಿನ ಕೂಲಿ ತೆರಬೇಕು. 270 ರೂಪಾಯಿಯ ಚೀಲ ಹೀಗೆ ಸಾವಿರಾರು ರೂಪಾಯಿಯ ಖರ್ಚನ್ನು ಬೆನ್ನಿಗೆ ಕಟ್ಟಿಕೊಂಡು ಬರುತ್ತದೆ. ತಟ್ಟೆಯಲ್ಲಿ ಒಂದು ಹಿಡಿ ಅನ್ನ ಬಿಟ್ಟರೆ ದುಂದೆಂದು ಮಕ್ಕಳನ್ನು ಗದರಿಸುವ ನಾವು, ಅನ್ನ ಬೆಳೆಯುವ ಗದ್ದೆಯಲ್ಲಿ ಚೀಲಗಟ್ಟಲೆ ದುಂದು ಮಾಡುವುದು ಯಾವ ನ್ಯಾಯ?

ಪೋಲು ತಪ್ಪಿಸುವ ವಿಧಾನಗಳು ಕಷ್ಟದವಲ್ಲ. ಯೂರಿಯಾವನ್ನು ಒಮ್ಮೆಲೇ ಹಾಕದೆ ನಾಟಿಯ ಸಮಯ, ತೆಂಡೆ ಒಡೆಯುವಾಗ, ತೆನೆ ಮೂಡುವಾಗ ಎಂದು ಕಂತುಗಳಲ್ಲಿ ಕೊಡಬೇಕು. ಮೇಲುಗೊಬ್ಬರ ಕೊಡುವಾಗ ಗದ್ದೆಯ ನೀರನ್ನು ತಗ್ಗಿಸಿ, ಹಾಕಿ, ಕಳೆ ತೆಗೆಯುವ ಸಾಧನದಿಂದ ಮಣ್ಣಿಗೆ ಬೆರೆಸಿ ಅನಂತರ ನೀರು ಕಟ್ಟಬೇಕು. ಉರಿಬಿಸಿಲಿನಲ್ಲಿ ಎರಚದೆ ಸಂಜೆ ಹಾಕಬೇಕು. ಎಲೆ ಬಣ್ಣದ ಪಟ್ಟಿ ಎಂಬ ಅಗ್ಗದ ಸಾಧನವಿದೆ. ಎಲೆಯನ್ನು ಅದರ ಹಸಿರಿನೊಂದಿಗೆ ಹೋಲಿಸಿ, ಬೆಳೆ ಹಸಿದಿದ್ದರೆ ಮಾತ್ರ ಮುಂದಿನ ಕಂತು ಕೊಡುವುದು ಅದರ ಕ್ರಮ. 2015ರಿಂದ ಎಲ್ಲ ಯೂರಿಯಾಕ್ಕೂ ಬೇವಿನ ಲೇಪನ ಕಡ್ಡಾಯವಾಗಿದೆ. ಅದು ಸಾರಜನಕ ನೈಟ್ರೇಟ್ ಆಗುವುದನ್ನು ನಿಧಾನಗೊಳಿಸುತ್ತದೆ, ಆದರೆ ನಮ್ಮ ಕೈಯ ಅತಿಯನ್ನು ತಡೆಯಲಾರದು. ನಾಟಿಗೆ ಮುಂಚೆ ಸೆಣಬು ಅಥವಾ ಡಯಾಂಚ ಬಿತ್ತಿ ಮಣ್ಣಿಗೆ ಮಗುಚಿದರೆ, ಎರಡನೆಯ ಬೆಳೆಗೆ ನೀರಿಲ್ಲದ ವರ್ಷ ಕಡಲೆಯೋ ಹೆಸರೋ ಬಿತ್ತಿದರೆ, ಗಾಳಿಯ ಸಾರಜನಕ ಪುಕ್ಕಟೆಯಾಗಿ ದಕ್ಕುತ್ತದೆ.

ನಾನು ಕೇಳುವುದು ಇಷ್ಟೇ. ಬರುವ ಹಂಗಾಮಿನಲ್ಲಿ ಪ್ರತಿಯೊಬ್ಬರೂ ಒಂದೇ ಒಂದು ಮಡಿಯನ್ನು ಬದುವಿನಿಂದ ಬೇರ್ಪಡಿಸಿ ಶಿಫಾರಸಿನ ಪ್ರಮಾಣದಲ್ಲೇ, ಈ ಕ್ರಮದಲ್ಲೇ ಬೆಳೆಯಿರಿ. ಉಳಿದ ಹೊಲ ನಿಮ್ಮ ರೂಢಿಯಂತೆ ಇರಲಿ. ಗೊಬ್ಬರ, ಔಷಧಿ, ಕೂಲಿಯ ಖರ್ಚನ್ನು ಎರಡಕ್ಕೂ ಬೇರೆ ಬೇರೆ ಬರೆದಿಡಿ. ಕಣದಲ್ಲಿ ಎರಡನ್ನೂ ತೂಗಿ ನೋಡಿ. ಭೂಮಾಲೀಕರಿಗೆ ನನ್ನ ವಿನಂತಿ: ಆ ಒಂದು ಮಡಿಯ ಗುತ್ತಿಗೆಯ ಪಾಲನ್ನು ಒಂದು ಹಂಗಾಮಿನ ಮಟ್ಟಿಗೆ ಸಡಿಲಿಸಿ, ಪ್ರಯೋಗದ ಭಾರ ಬಡ ಗುತ್ತಿಗೆದಾರನ ಹೆಗಲಿಗೆ ಮಾತ್ರ ಬೀಳದಿರಲಿ. ಸಿರುಗುಪ್ಪದ ಕೃಷಿ ಸಂಶೋಧನಾ ಕೇಂದ್ರ ದೂರವೇನಿಲ್ಲ. ಮಣ್ಣಿನ ಪರೀಕ್ಷೆಗೂ ಸಲಹೆಗೂ ಅಲ್ಲಿಗೆ ಹೋಗುವುದು ನಿಮ್ಮ ಹಕ್ಕು.

ಪಂಚಾಯತಿಯ ಸದಸ್ಯರು ಇಲ್ಲಿದ್ದಾರೆ. ಮುಂದಿನ ಗ್ರಾಮಸಭೆಯೊಳಗೆ ಊರಿನ ಪ್ರತಿಯೊಂದು ಕುಡಿಯುವ ನೀರಿನ ಮೂಲದ ನೈಟ್ರೇಟ್ ಪರೀಕ್ಷೆ ನಡೆಯಲಿ, ಮಳೆಗಾಲದ ಮುಂಚೆ ಒಮ್ಮೆ, ನಂತರ ಒಮ್ಮೆ. ಫಲಿತಾಂಶವನ್ನು ಕಡತದಲ್ಲಿ ಮುಚ್ಚಿಡದೆ ಪಂಚಾಯತಿಯ ಗೋಡೆಯ ಮೇಲೆ ಎಲ್ಲರಿಗೂ ಕಾಣುವಂತೆ ಬರೆಯಿರಿ. ಮಿತಿ ಮೀರಿದ ಕೊಳವೆಬಾವಿಗೆ ಗುರುತು ಹಾಕಿ. ಹಸುಳೆಗಳಿರುವ ಮನೆಗಳಿಗೆ ಮೊದಲು ತಿಳಿಸಿ. ಇದಕ್ಕೆ ಬೆಂಗಳೂರಿನ ಅಪ್ಪಣೆಯೂ ಬೇಕಿಲ್ಲ, ದೆಹಲಿಯ ಅನುದಾನಕ್ಕೆ ಕಾಯಬೇಕಾಗಿಯೂ ಇಲ್ಲ. ಮಡಿಯ ಲೆಕ್ಕವನ್ನು ರೈತ ಬರೆಯಲಿ, ನೀರಿನ ಲೆಕ್ಕವನ್ನು ಪಂಚಾಯತಿ ಬರೆಯಲಿ. ಎರಡು ಹಂಗಾಮು ಕಳೆದ ಬಳಿಕ ಈ ಎರಡು ಲೆಕ್ಕಗಳನ್ನು ಮುಂದಿಟ್ಟುಕೊಂಡು ಸರಕಾರದ ಬಳಿ ಗೊಬ್ಬರದ ನೀತಿಯ ಕುರಿತು ಮಾತಾಡೋಣ. ಅಂಕಿಗಳನ್ನು ಕೈಯಲ್ಲಿ ಹಿಡಿದು ಬಂದ ರೈತನನ್ನು ಯಾವ ಅಧಿಕಾರಿಯೂ ಸುಲಭವಾಗಿ ಹಿಂದಕ್ಕೆ ಕಳುಹಿಸಲಾರ.